ಅನಾಮತ್ ಹಣ ಧಣಿಯ ಹಣವಲ್ಲ

ಉಮರ್ಗಾ, ನಿಲಂಗಾ, ಉದಗೀರ ಕಡೆ ಕಟ್ಟಡದ ಸಬ್ ಕಾಂಟ್ರಾಕ್ಟ್ ಮಾಡಿದವರಿಗೆ 'ಅನಾಮತ್' ಎಂಬ ಮಾತು ಗೊತ್ತಿರುತ್ತದೆ. ಮರಾಠಿಯಲ್ಲಿ ಅನಾಮತ್ ಎಂದರೆ ಠೇವಣಿ. ನಾವು ಅಮಾನತ್ ಎನ್ನುವ ಅರಬ್ಬಿ ಮಾತೇ ಅಲ್ಲಿ ಹಾಗಾಗಿದೆ. ಅಕ್ಷರದ ಜೊತೆ ಅರ್ಥವೂ ತಿರುಗುಮುರುಗಾಗಿದೆ ಎಂಬುದೇ ನನ್ನ ತಕರಾರು.

ಲೆಕ್ಕ ಸರಳ. ಉದಗೀರದಲ್ಲಿ ನಾನು ಮಾಡಿದ ಸಾರಣೆ, ಟೈಲ್ಸ್ ಕೆಲಸ 12 ಲಕ್ಷದ್ದು. ಪ್ರತಿ ಬಿಲ್ಲಿನಲ್ಲೂ ಶೇ. 5 ಹಿಡಿದರು, ಒಟ್ಟು 60,000 ರೂಪಾಯಿ. ಕೆಲಸ ಒಪ್ಪಿಸಿದಾಗ ಅರ್ಧ, ಒಂದು ವರ್ಷದೊಳಗೆ ದೋಷ ಕಾಣದಿದ್ದರೆ ಉಳಿದರ್ಧ ಎಂದು ಮಾತು. ಇದು ರಿಟೆನ್ಷನ್. ವರ್ಷ ಕಳೆದು ಕೇಳಿದರೆ ಕಾಂಟ್ರಾಕ್ಟರ್ ಹೇಳಿದ್ದು, 'ಮಾಲಕರಿಂದ ನನಗೇ ಬಂದಿಲ್ಲ.' ಮಾಲಕನ ಜೊತೆ ನನಗೆ ಕರಾರೇ ಇಲ್ಲವಲ್ಲ!

ಹಿಡಿಯುವುದೇ ತಪ್ಪು ಎನ್ನುತ್ತಿಲ್ಲ. ಅದು ಕಪ್ಪು ಮಣ್ಣಿನ ಸೀಮೆ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿ ಬಿಡುತ್ತದೆ. ನಮ್ಮೂರ ಮುರಕಲ್ಲಿನ ನೆಲದಂತಲ್ಲ. ಗೋಡೆಯ ಗುಣ ತಿಳಿಯಲು ಒಂದು ಮಳೆಗಾಲ, ಒಂದು ಬೇಸಗೆ ದಾಟಲೇಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಉಮರ್ಗಾ ಕಡೆಯ ಎಷ್ಟೋ ಕಲ್ಲು-ಮಣ್ಣಿನ ಮನೆಗಳು ಜನರ ಮೇಲೆಯೇ ಬಿದ್ದವು. ಅಂಥ ಊರಲ್ಲಿ ಕಟ್ಟಿಸುವವ ಹೆದರಿದರೆ ತಪ್ಪೇನು?

ಆದರೆ ಹೆದರಿಕೆಗೆ ಹಿಡಿದ ಹಣ ಹಾಗೇ ಇರಬೇಕು. ಇರುವುದಿಲ್ಲ. ಅದು ಮುಂದಿನ ಸೈಟಿನ ಸಿಮೆಂಟಿಗೆ, ಕಬ್ಬಿಣಕ್ಕೆ ಹೋಗಿರುತ್ತದೆ. ಬ್ರಿಟನ್ನಿನ ಕ್ಯಾರಿಲಿಯನ್ ಕಂಪೆನಿ 2018ರ ಜನವರಿಯಲ್ಲಿ ಮುಳುಗಿದಾಗ ಸಣ್ಣ ಗುತ್ತಿಗೆದಾರರ ರಿಟೆನ್ಷನ್ ಅದರೊಟ್ಟಿಗೇ ಮುಳುಗಿತು. ನ್ಯೂಜಿಲೆಂಡಿನಲ್ಲಿ 2013ರಲ್ಲಿ ಮೇನ್‌ಜೀಲ್ ಕಂಪೆನಿ ಬಿದ್ದ ಮೇಲೆ ಸರಕಾರ ಕಾನೂನನ್ನೇ ಮಾಡಿತು: ಹಿಡಿದ ಹಣ ಟ್ರಸ್ಟಿನ ಹಣ, ಹಿಡಿದವನದ್ದಲ್ಲ. ನಾವು ಮದ್ರಸದಲ್ಲಿ ಕಲಿತ ಅಮಾನತ್ ಇದೇ ತಾನೆ?

ಬಡ್ಡಿ ಹರಾಂ ಎಂದು ಬ್ಯಾಂಕಿಗೆ ಹೋಗದವರೂ ಇನ್ನೊಬ್ಬನ ಬೆವರಿನ ಹಣವನ್ನು ಎರಡು ವರ್ಷ ಪುಕ್ಕಟೆ ತಿರುಗಿಸುತ್ತಾರೆ. ಗಲ್ಫ್ ದುಡಿಮೆಯಲ್ಲಿ ಊರಲ್ಲಿ ಮನೆ ಕಟ್ಟಿಸುವ ನಮ್ಮವರೂ 'ಮಳೆ ಬರಲಿ, ಸೋರುತ್ತದಾ ನೋಡುವ' ಎಂದು ಮೇಸ್ತ್ರಿಯ ಕೊನೆಯ ಕಂತು ಹಿಡಿಯುತ್ತಾರೆ. ಮಳೆ ಬಂದು ಹೋಗುತ್ತದೆ, ಮನೆ ಒಕ್ಕಲು ಊಟವೂ ಮುಗಿಯುತ್ತದೆ. ಮೇಸ್ತ್ರಿ ಮಾತ್ರ ಗೇಟಿನ ಹೊರಗೆ.

ಸಬ್ ಕಾಂಟ್ರಾಕ್ಟ್ ಮಾಡುವ ಹುಡುಗರಿಗೆ ಒಂದು ಮಾತು. ಹಣ ಕೊಡುವ ತಾರೀಕು ಕಾಗದದಲ್ಲಿ ಬರೆಸಿಕೊಳ್ಳಿ. 'ಮಾಲಕರಿಂದ ಬಂದ ಮೇಲೆ' ಎಂಬ ಸಾಲಿದ್ದರೆ ಹೊಡೆದು ಹಾಕಿಸಿ. ಆ ತಾರೀಕಿನಿಂದ ಮೂರು ವರ್ಷ ಸುಮ್ಮನಿದ್ದರೆ ಕೋರ್ಟಿಗೆ ಹೋಗುವ ಅವಧಿಯೂ ಮುಗಿಯುತ್ತದೆ. ನೀವು ಕಳಿಸುವ ವಾಟ್ಸಾಪ್ ನೆನಪೋಲೆಯಿಂದ ಅದು ಬೆಳೆಯುವುದಿಲ್ಲ. ಬಾಕಿ ಇದೆಯೆಂದು ಅವರ ಸಹಿ ಬೇಕು, ಅದೂ ಆ ಮೂರು ವರ್ಷದೊಳಗೆ.

ನನ್ನ 60,000 ಇನ್ನೂ ಬಂದಿಲ್ಲ. ಅದೇ ನೆಪದಲ್ಲಿ ನನ್ನ ಟೈಲ್ಸ್ ಹುಡುಗರ 9,000 ನಾನೂ ಹಿಡಿದಿದ್ದೆ. ಇದನ್ನು ಬರೆಯಲು ಕೂರುವ ಮೊದಲು ಕೊಟ್ಟು ಬಂದೆ.