ನಾನೂ ತೆರಿಗೆದಾರ ಸ್ವಾಮಿ!

ಪೆಟ್ರೋಲ್ ಬಂಕಿನಲ್ಲಿ ನಾನು ಯಾವತ್ತೂ ಲೀಟರ್ ಲೆಕ್ಕದಲ್ಲಿ ಕೇಳಿದವನಲ್ಲ. ‘ನೂರು ರೂಪಾಯಿಗೆ ಹಾಕಿ ಅಣ್ಣಾ’ ಅಂತಲೇ ಹೇಳುವುದು. 2024ರ ಜೂನ್ 15ರವರೆಗೆ ಆ ನೂರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಬರುತ್ತಿತ್ತು. ಆಮೇಲೆ ಮೀಟರ್ 0.97ಕ್ಕೆ ನಿಲ್ಲತೊಡಗಿತು. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಹೆಚ್ಚಾಗಿ ಬೆಂಗಳೂರಿನಲ್ಲಿ ದರ 103ರ ಹತ್ತಿರ ಬಂತು. ನಮ್ಮ ಕಡೆಯೂ ಹೆಚ್ಚುಕಡಿಮೆ ಅಷ್ಟೇ.

ಮೂರು ರೂಪಾಯಿಗೆ ಇಷ್ಟೊಂದು ಗಲಾಟೆಯೇ ಎಂದು ನೀವು ಕೇಳಬಹುದು. ನನ್ನ ಲೆಕ್ಕ ಹೇಳುತ್ತೇನೆ, ಕೇಳಿ. ನಮ್ಮ ಹಳ್ಳಿಯಿಂದ ಕಾಲೇಜಿಗೆ 24 ಕಿಲೋಮೀಟರ್. ಲ್ಯಾಬ್ ಮುಗಿಯುವುದು ಐದು ಗಂಟೆಗೆ, ನಮ್ಮೂರಿನ ಕಡೆಯ ಬಸ್ ಅಷ್ಟರಲ್ಲಿ ಹೊರಟಿರುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಬೈಕೇ ಗತಿ. ದಿನಕ್ಕೆ 48 ಕಿಲೋಮೀಟರ್, ಅಂದರೆ ಒಂದು ಲೀಟರ್. ತಿಂಗಳಿಗೆ 24 ದಿನ ಓಡಾಡಿದರೆ ಸುಮಾರು 2,500 ರೂಪಾಯಿ. ಆ ಏರಿಕೆಯಿಂದ ನನಗೆ ಬಿದ್ದ ಹೆಚ್ಚುವರಿ ಹೊರೆ ತಿಂಗಳಿಗೆ 72 ರೂಪಾಯಿ ಮಾತ್ರ. ಅದೊಂದೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೊಂದು ಲೆಕ್ಕ. 2024ರಲ್ಲಿ ಒಂದು ಲೀಟರ್ ಪೆಟ್ರೋಲಿನಲ್ಲಿ ಕೇಂದ್ರದ ಅಬಕಾರಿ ಸುಂಕ 19 ರೂಪಾಯಿ 90 ಪೈಸೆ ಇತ್ತು. ರಾಜ್ಯದ ಮಾರಾಟ ತೆರಿಗೆ ಏರಿಕೆಯ ನಂತರ ಸುಮಾರು 22ರಿಂದ 23 ರೂಪಾಯಿ. ಎರಡೂ ಸೇರಿದರೆ 42 ರೂಪಾಯಿಗೂ ಹೆಚ್ಚು. 24 ಲೀಟರಿಗೆ ಸಾವಿರ ರೂಪಾಯಿ ದಾಟುತ್ತದೆ. ಇನ್ನೂ ಒಂದು ಪೈಸೆ ಸಂಪಾದಿಸದ, ನಾಲ್ಕನೇ ಸೆಮಿಸ್ಟರ್ ಎಲೆಕ್ಟ್ರಿಕಲ್ ವಿದ್ಯಾರ್ಥಿಯಾದ ನಾನು ತಿಂಗಳಿಗೆ ಸಾವಿರ ರೂಪಾಯಿ ತೆರಿಗೆ ಕಟ್ಟುತ್ತಿದ್ದೇನೆ! ಆದಾಯ ತೆರಿಗೆಗಾದರೂ ಆದಾಯ ಇರಬೇಕು. ಪೆಟ್ರೋಲ್ ತೆರಿಗೆಗೆ ಬೈಕ್ ಇದ್ದರೆ ಸಾಕು. ದೊಡ್ಡ ಕಾರಿನ ಮಾಲೀಕರೂ ಮೊಪೆಡ್‌ನಲ್ಲಿ ಊರೂರು ಸುತ್ತಿ ಸೊಪ್ಪು ಮಾರುವ ನನ್ನ ಅಪ್ಪನೂ ಲೀಟರಿಗೆ ಕಟ್ಟುವುದು ಒಂದೇ ತೆರಿಗೆ. ಅಪ್ಪ ಅದನ್ನು ಗಿರಾಕಿಗಳ ಮೇಲೆ ಹಾಕುವ ಹಾಗೂ ಇಲ್ಲ. ಸೊಪ್ಪಿನ ಕಟ್ಟಿಗೆ ಐವತ್ತು ಪೈಸೆ ಏರಿಸೋಣವೆಂದರೆ ಐವತ್ತು ಪೈಸೆ ಚಿಲ್ಲರೆ ಯಾರ ಹತ್ತಿರ ಇದೆ?

ಬೆಲೆ ಯಾಕಿಷ್ಟು? 2024ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಆಗಾಗ ಬರುತ್ತಿತ್ತು. ‘2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಇದ್ದಾಗ ಪೆಟ್ರೋಲ್ ಐವತ್ತರ ಆಸುಪಾಸಿನಲ್ಲಿತ್ತು. ಈಗ ತೈಲ 83 ಡಾಲರ್, ಪೆಟ್ರೋಲ್ ನೂರು. ಎಲ್ಲಾ ಲೂಟಿ!’ ನಾನೂ ಇದನ್ನು ಹತ್ತು ಗುಂಪುಗಳಿಗೆ ಕಳುಹಿಸಿದವನೇ. ಮೊನ್ನೆ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಒಂದು ಬ್ಯಾರೆಲ್ ಎಂದರೆ 159 ಲೀಟರ್. 2008ರ ಜುಲೈನಲ್ಲಿ ಡಾಲರ್‌ಗೆ ಸುಮಾರು 43 ರೂಪಾಯಿ, ಹಾಗಾಗಿ ಒಂದು ಲೀಟರ್ ಕಚ್ಚಾ ತೈಲಕ್ಕೆ ಸುಮಾರು 40 ರೂಪಾಯಿ ಬಿತ್ತು. 2024ರಲ್ಲಿ ಡಾಲರ್ 83 ರೂಪಾಯಿ ದಾಟಿತ್ತು, ಲೀಟರ್ ಕಚ್ಚಾ ತೈಲಕ್ಕೆ 43 ರೂಪಾಯಿಗೂ ಹೆಚ್ಚು ಬೀಳುತ್ತಿತ್ತು. ಅಂದರೆ ಡಾಲರ್‌ನಲ್ಲಿ ತೈಲ ಅಗ್ಗವಾಗಿದ್ದರೂ ರೂಪಾಯಿಯಲ್ಲಿ ದುಬಾರಿಯೇ. ಬೇಕಾದ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರುವ ದೇಶಕ್ಕೆ ರೂಪಾಯಿ ಬಿದ್ದಷ್ಟೂ ಪೆಟ್ಟು ಹೆಚ್ಚು.

ಇನ್ನೊಂದು ವಿಷಯವನ್ನೂ ಆ ಸಂದೇಶ ಹೇಳುವುದಿಲ್ಲ. ಆಗ ಪೆಟ್ರೋಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ತೈಲ ಕಂಪನಿಗಳ ನಷ್ಟ ತುಂಬಲು ಸರ್ಕಾರ ಬಾಂಡ್‌ಗಳನ್ನು ಕೊಟ್ಟಿತು. ಅವು ಸಾಲವೇ, ಬಡ್ಡಿ ಸಮೇತ ಮುಂದಿನವರು ತೀರಿಸಬೇಕಾಯಿತು. 2010ರ ಜೂನ್‌ನಲ್ಲಿ ಪೆಟ್ರೋಲನ್ನು, 2014ರ ಅಕ್ಟೋಬರ್‌ನಲ್ಲಿ ಡೀಸೆಲನ್ನು ಮಾರುಕಟ್ಟೆಗೆ ಬಿಡಲಾಯಿತು. 2017ರ ಜೂನ್‌ನಿಂದ ದಿನವೂ ದರ ಬದಲಿಸುವ ಪದ್ಧತಿ ಬಂತು.

ಹಾಗಾದರೆ ಸರ್ಕಾರಗಳ ತಪ್ಪೇ ಇಲ್ಲವೇ? ಇದೆ. 2020ರಲ್ಲಿ ನಾನು ಎಸ್ಸೆಸ್ಸೆಲ್ಸಿ, ಕೊರೊನಾ ಬ್ಯಾಚ್. ಆ ಏಪ್ರಿಲ್‌ನಲ್ಲಿ ಕಚ್ಚಾ ತೈಲ 20 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಮಾರುಕಟ್ಟೆ ದರವೇ ನಿಜವಾಗಿದ್ದರೆ ಪೆಟ್ರೋಲ್ ಇಳಿಯಬೇಕಿತ್ತು. ಆದರೆ ಕೇಂದ್ರ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಮತ್ತೆ 10 ರೂಪಾಯಿ ಸುಂಕ ಏರಿಸಿತು. ಇಳಿಕೆಯ ಲಾಭ ನಮ್ಮ ಕೈಗೆ ಬರಲೇ ಇಲ್ಲ. ತೈಲ ಮತ್ತೆ ಏರಿದಾಗ ಆ ಸುಂಕವೂ ಸೇರಿಕೊಂಡು 2021ರ ನವೆಂಬರ್ ಹೊತ್ತಿಗೆ ಬೆಂಗಳೂರಿನಲ್ಲಿ ಪೆಟ್ರೋಲ್ 113 ರೂಪಾಯಿ ದಾಟಿತು. ಆಮೇಲೆ ಕೇಂದ್ರ 5 ರೂಪಾಯಿ, ರಾಜ್ಯ 7 ರೂಪಾಯಿ ಕಡಿತ ಮಾಡಿದವು. 2022ರ ಮೇನಲ್ಲಿ ಕೇಂದ್ರ ಮತ್ತೆ 8 ರೂಪಾಯಿ ಇಳಿಸಿತು.

ಇದರ ಜೊತೆಗೆ ಚುನಾವಣೆಯ ಕ್ಯಾಲೆಂಡರ್ ಬೇರೆ. ದಿನವೂ ಬದಲಾಗಬೇಕಾದ ದರ 2018ರ ನಮ್ಮ ವಿಧಾನಸಭಾ ಚುನಾವಣೆಗೆ ಮುನ್ನ 19 ದಿನ ಅಲುಗಾಡಲಿಲ್ಲ. ಉತ್ತರ ಪ್ರದೇಶ ಮತ್ತಿತರ ರಾಜ್ಯಗಳ ಚುನಾವಣೆ ಮುಗಿದ ಮೇಲೆ 2022ರ ಮಾರ್ಚ್ 22ರಿಂದ ಸುಮಾರು ಎರಡೇ ವಾರದಲ್ಲಿ ಹತ್ತು ರೂಪಾಯಿಯಷ್ಟು ಏರಿತು. 2024ರ ಲೋಕಸಭಾ ಚುನಾವಣೆಗೆ ಮುನ್ನ, ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿಯಿತು. ಫಲಿತಾಂಶ ಬಂದು ಹನ್ನೊಂದು ದಿನಕ್ಕೆ ನಮ್ಮ ರಾಜ್ಯದಲ್ಲಿ ಮೂರು ರೂಪಾಯಿ ಏರಿತು. ಇದರಲ್ಲಿ ಯಾವ ಪಕ್ಷವನ್ನೂ ಬಿಡುವ ಹಾಗಿಲ್ಲ.

ಇಷ್ಟಾದರೂ ‘ತೆರಿಗೆ ತೆಗೆದುಹಾಕಿ’ ಎಂದು ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಶಕ್ತಿ ಯೋಜನೆಯ ಉಚಿತ ಟಿಕೆಟ್‌ನಲ್ಲಿ. ತಂಗಿ ಪಿಯುಸಿಗೆ ಹೋಗುವುದೂ ಹಾಗೆಯೇ. ಅದಕ್ಕೆ ಹಣ ಎಲ್ಲಿಂದಲಾದರೂ ಬರಬೇಕಲ್ಲ. ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ತೆರಿಗೆ ಇನ್ನೂ ಕಡಿಮೆ ಎಂದು ರಾಜ್ಯ ಸರ್ಕಾರ ಸಮರ್ಥಿಸಿಕೊಂಡಿದೆ. ರಾಜ್ಯಗಳ ದೂರಿನಲ್ಲಿ ಹುರುಳೂ ಇದೆ. 2024ರಲ್ಲಿ ಕೇಂದ್ರದ 19 ರೂಪಾಯಿ 90 ಪೈಸೆಯಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಕೇವಲ 1 ರೂಪಾಯಿ 40 ಪೈಸೆ ಇತ್ತು. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ, ಪೂರ್ತಿ ಕೇಂದ್ರಕ್ಕೇ.

ಪೆಟ್ರೋಲನ್ನು ಜಿಎಸ್‌ಟಿಗೆ ತನ್ನಿ ಎನ್ನುವುದು ನಮ್ಮ ಕ್ಯಾಂಟೀನ್ ಚರ್ಚೆಯ ಖಾಯಂ ತೀರ್ಪು. 2024ರ ಲೆಕ್ಕದಲ್ಲಿ ಶೇ 28ರ ಜಿಎಸ್‌ಟಿ ಹಾಕಿದ್ದರೆ ಲೀಟರ್ ಸುಮಾರು 77 ರೂಪಾಯಿಗೆ ಸಿಗುತ್ತಿತ್ತು, ನಿಜ. ಆದರೆ ಲೀಟರಿಗೆ 26 ರೂಪಾಯಿಯಷ್ಟು ವರಮಾನವನ್ನು ಎರಡೂ ಸರ್ಕಾರಗಳು ಬಿಡಬೇಕಾಗುತ್ತಿತ್ತು. ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನವಾಗಲು ನಾಲ್ಕರಲ್ಲಿ ಮೂರು ಭಾಗ ಮತ ಬೇಕು. ಮೂರನೇ ಒಂದು ಭಾಗ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. 2021ರ ಸೆಪ್ಟೆಂಬರ್‌ನಲ್ಲಿ ಲಖನೌ ಸಭೆಯಲ್ಲಿ ವಿಷಯ ಬಂದಾಗ, ಇದಿನ್ನೂ ಸಮಯವಲ್ಲ ಎಂದೇ ತೀರ್ಮಾನವಾಯಿತು. ನಾವು ಪದವಿ ಮುಗಿಸುವುದರೊಳಗೆ ಅದು ಆಗುತ್ತದೆಂದು ನನಗೆ ನಂಬಿಕೆಯಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ತಗೋ ಎನ್ನುವ ಗೆಳೆಯರೂ ಇದ್ದಾರೆ. ಓದುತ್ತಿರುವುದೇ ಎಲೆಕ್ಟ್ರಿಕಲ್, ಆಸೆ ನನಗೂ ಇದೆ. ಲಕ್ಷ ರೂಪಾಯಿ ಎಲ್ಲಿದೆ?

ಜಿಎಸ್‌ಟಿಗೆ ಕಾಯದೆ ಆಗಬಹುದಾದ ಕೆಲಸಗಳು ಮೂರಿವೆ ಎನ್ನುವುದು ನನ್ನ ಅಭಿಪ್ರಾಯ.

ಮೊದಲನೆಯದು, ರಾಜ್ಯದ ತೆರಿಗೆ ಶೇಕಡಾವಾರು ಇರಬಾರದು, ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಬೇಕು. ಈಗಿನ ಪದ್ಧತಿಯಲ್ಲಿ ತೈಲ ಹತ್ತು ರೂಪಾಯಿ ಏರಿದರೆ ಅದರ ಮೇಲೆ ತೆರಿಗೆಯೂ ಮೂರು ರೂಪಾಯಿ ತಾನಾಗಿ ಏರುತ್ತದೆ. ನಮ್ಮ ಕಷ್ಟ ಹೆಚ್ಚಾದಷ್ಟೂ ಸರ್ಕಾರದ ವರಮಾನ ಹೆಚ್ಚುವುದು ಯಾವ ನ್ಯಾಯ?

ಎರಡನೆಯದು, ಕೇಂದ್ರದ ಸುಂಕಕ್ಕೆ ಬಹಿರಂಗ ಸೂತ್ರ ಬೇಕು. ಕಚ್ಚಾ ತೈಲ ಒಂದು ಮಟ್ಟ ದಾಟಿದರೆ ಸುಂಕ ಇಷ್ಟು ಇಳಿಯುತ್ತದೆ, ಕೆಳಗೆ ಬಂದರೆ ಇಷ್ಟು ಏರುತ್ತದೆ ಎಂದು ಮೊದಲೇ ಬರೆದಿಡಲಿ. ಅಗ್ಗದ ದಿನಗಳಲ್ಲಿ ಸ್ವಲ್ಪ ಹೆಚ್ಚು ಕೊಡಲು ನಾವು ತಯಾರು, ದುಬಾರಿ ದಿನಗಳಲ್ಲಿ ಅದು ವಾಪಸ್ ಬರುತ್ತದೆಂಬ ಖಾತ್ರಿ ಇದ್ದರೆ. ಮಂಗಳೂರು ಮತ್ತು ಪಾದೂರಿನಲ್ಲಿ ಭೂಮಿಯೊಳಗೆ ಕಚ್ಚಾ ತೈಲ ಶೇಖರಿಸಿಟ್ಟಿರುವುದು ಆಪತ್ಕಾಲಕ್ಕೆಂದು. ತೆರಿಗೆಯಲ್ಲೂ ಅಂಥದೊಂದು ಉಗ್ರಾಣ ಇರಲಿ.

ಮೂರನೆಯದು ನನ್ನ ಸ್ವಾರ್ಥದ್ದು. 2024ರಲ್ಲಿ ಏರಿಸಿದ ಮೂರು ರೂಪಾಯಿಯಲ್ಲಿ ಒಂದನ್ನಾದರೂ ಹಳ್ಳಿ ಮಾರ್ಗದ ಬಸ್ಸುಗಳಿಗೆ ಮೀಸಲಿಡಲಿ. ಟಿಕೆಟ್ ಉಚಿತವಾದರೆ ಸಾಲದು, ಬಸ್ ಇರಬೇಕು. ಅದೂ ಕಾಲೇಜು ಬಿಡುವ ಹೊತ್ತಿಗೆ ಇರಬೇಕು. ಐದೂವರೆಗೆ ಒಂದು ಬಸ್ ಇದ್ದಿದ್ದರೆ ನಾನೂ ನಮ್ಮೂರಿನ ಇನ್ನೂ ನಾಲ್ಕು ಹುಡುಗರೂ ವಿದ್ಯಾರ್ಥಿ ಪಾಸ್ ಮಾಡಿಸಿ ಬೈಕ್ ನಿಲ್ಲಿಸುತ್ತಿದ್ದೆವು. ದಿನಕ್ಕೆ ಐದು ಲೀಟರ್ ಪೆಟ್ರೋಲ್, ಅದಕ್ಕೆ ಬೇಕಾದ ಡಾಲರ್ ಎರಡೂ ಉಳಿಯುತ್ತಿದ್ದವು. ತೈಲ ಕಡಿಮೆ ಸುಡುವುದಕ್ಕಿಂತ ಶಾಶ್ವತ ಪರಿಹಾರ ಬೇರೆ ಇಲ್ಲ.

ಭಾನುವಾರ ಪಟ್ಟಣದಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆಗೆ ಆಪ್ಟಿಟ್ಯೂಡ್ ತರಗತಿ ನಡೆಯುತ್ತದೆ. ಹೋಗುತ್ತಿದ್ದೆ, ಈ ತಿಂಗಳು ಬಿಟ್ಟೆ. ತಿಂಗಳಿಗೆ ನಾಲ್ಕು ಲೀಟರ್ ಉಳಿಯುತ್ತದೆ ಎಂದು ಅಪ್ಪನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮೊಪೆಡ್ ಮನೆಯಲ್ಲೇ ಇತ್ತು, ಅಪ್ಪ ಸೊಪ್ಪಿನ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದರು. ‘ಹತ್ತಿರದ ಎರಡು ಊರಿಗೆ ಇದೇ ಸಾಕು, ನೀನು ಕ್ಲಾಸಿಗೆ ಹೋಗು’ ಅಂದರು. ಅವರಿಗೆ ಐವತ್ತೆರಡು ವರ್ಷ.

ಈ ಭಾನುವಾರ ಹೋಗುತ್ತಿದ್ದೇನೆ.