ಅಡಕೊತ್ತು ಗುಜರಿಗೆ ಹಾಕಬೇಡ್ರಿ

ನರೋಣಾ ಬಸ್ಸಿನಲ್ಲಿ ಚಂಚಿ ಬಿಚ್ಚಿ ಅಡಕೊತ್ತು ತೆಗೆಯುವ ಅಜ್ಜ ಈಗ ಅಪರೂಪ. ಗುಟಕಾ ಚೀಟಿ ಬಂತು, ಚಂಚಿ ಮೂಲೆ ಸೇರಿತು. 2013ರಲ್ಲಿ ರಾಜ್ಯ ಸರ್ಕಾರ ಗುಟಕಾ ನಿಷೇಧಿಸಿದರೂ ಅದು ಹೊರಗೆ ಬರಲಿಲ್ಲ.

ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ವೆಂಗರ್ ಹೆಸರಿನ ಜೇಬುಚಾಕು ನಿಲ್ಲಿಸುವುದಾಗಿ ವಿಕ್ಟೋರಿನಾಕ್ಸ್ ಕಂಪನಿ ಸಾರಿತು. ಅಲಗು, ಕತ್ತರಿ ಒಂದೇ ಹಿಡಿಯಲ್ಲಿದ್ದ ಆ ಚಾಕುವನ್ನು ಹವ್ಯಾಸಿಗಳು ಹುಡುಕಿ ಕೂಡಿಡುತ್ತಾರೆ. ನಮ್ಮ ಚಂಚಿಯ ಹತಾರಕ್ಕೆ ಮಾತ್ರ ಗುಜರಿ ತಕ್ಕಡಿಯೇ ಗತಿಯೆ?

ಪುಣೆಯ ದಿನಕರ ಕೇಳ್ಕರ್ ಅಡಕೊತ್ತುಗಳನ್ನೂ ಕೂಡಿಸಿದರು. ಅವರ ಮ್ಯೂಸಿಯಂನಲ್ಲಿ ಇಂದೂ ನೋಡಬಹುದು.

ಅಡಿಕಿ ತಿನ್ರಿ ಅಂತಲ್ಲ. ಅಂಗಡಿಯವರೇ, ಹಳೆಯದೊಂದು ಸಿಕ್ಕರೆ ತೂಕಕ್ಕೆ ಹಾಕಬೇಡ್ರಿ. ಯಾರ ಮನೆಯದು, ಯಾವೂರಿನ ಕೆಲಸ ಎಂದು ಚೀಟಿ ಬರೆದು ಕಟ್ಟಿಡ್ರಿ. ಪಂಚಾಯಿತಿಯವರು ಶಾಲೆಗೊಂದು ಗಾಜಿನ ಕಪಾಟು ಕೊಡಲಿ. ಗುಜರಿಯವನಿಗೆ ಗೊತ್ತಿರುವುದು ತೂಕ. ಹತಾರ ಹಿಡಿದ ಕೈ ಗೊತ್ತಿರುವುದು ನಮಗೇ.