ಗಣಿಯೂರಿನ ಶಾಲೆ ಕಲಿಸಿದ ಪಾಠ

ಗಣಿ ಮುಚ್ಚಿದ ಊರಿನಲ್ಲಿ ಶಾಲೆಯೊಂದು ಏನು ಮಾಡಬಲ್ಲುದು? ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟಿದೆ. ಉಳಿದರ್ಧವನ್ನು ನಾವು ಹುಡುಕಿಕೊಳ್ಳಬೇಕಾಗಿದೆ.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಪಶ್ಚಿಮ ವರ್ಜೀನಿಯಾದ ಸ್ಕಾಟ್ಸ್ ರನ್ ಕಣಿವೆಯ ಕಲ್ಲಿದ್ದಲು ಕಾರ್ಮಿಕರು ಕೆಲಸ ಕಳೆದುಕೊಂಡು ದಿಕ್ಕೆಟ್ಟರು. ಅವರಿಗಾಗಿ ಅಲ್ಲಿನ ಸರಕಾರ, ಎಲೀನರ್ ರೂಸ್‌ವೆಲ್ಟ್ ಅವರ ಆಸ್ಥೆಯಿಂದ, 165 ಮನೆಗಳ ಆರ್ಥರ್‌ಡೇಲ್ ಎಂಬ ಊರನ್ನು ಕಟ್ಟಿಸಿತು. 1934ರಲ್ಲಿ ಅಲ್ಲಿನ ಶಾಲೆಯ ಹೊಣೆ ಹೊತ್ತವರು ಎಲ್ಸಿ ಕ್ಲಾಪ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರರ ಗುರುವಾಗಿದ್ದ ಜಾನ್ ಡ್ಯೂಯಿ ಅವರಿಗೆ ಈಕೆ ಬೋಧನೆಯಲ್ಲಿ ಸಹಾಯಕಿಯಾಗಿದ್ದವರು.

ಆ ಶಾಲೆಯಲ್ಲಿ ಊರಿನ ಬದುಕೇ ಪಠ್ಯವಾಯಿತು. ತಮ್ಮ ಸುತ್ತ ಊರು ಮೇಲೇಳುವುದನ್ನು ಕಂಡ ಪುಟ್ಟ ಮಕ್ಕಳು ತಾವೂ ಆಟದ ಊರೊಂದನ್ನು ಕಟ್ಟಿ ಅಳತೆ, ಲೆಕ್ಕಗಳನ್ನು ಕಲಿತರು. ದೊಡ್ಡವರು ಹಳೆಯ ಮರದ ಮನೆಯೊಂದರಲ್ಲಿ ನೂಲುತ್ತ, ನೇಯುತ್ತ ಪೂರ್ವಿಕರ ಚರಿತ್ರೆಯನ್ನು ಅರಿತರು. ಬೆಟ್ಟಗಾಡಿನ ಹಾಡು, ಪಿಟೀಲು, ಕುಣಿತಗಳು ಶಾಲೆಯೊಳಗೆ ಗೌರವದ ಸ್ಥಾನ ಪಡೆದವು.

ಆದರೆ 1936ರಲ್ಲಿ ದಾನಿಗಳ ಹಣ ನಿಂತಿತು, ಕ್ಲಾಪ್ ಹೊರಟರು, ಶಾಲೆ ಸರಕಾರಿ ಚೌಕಟ್ಟಿಗೆ ಸೇರಿಹೋಯಿತು. ಊರಿಗೆ ತಂದ ಕೈಗಾರಿಕೆಗಳೂ ಬೇರೂರಲಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಮೊದಲ ದಿನದಿಂದಲೇ ಇತ್ತು: ಕರಿಯರಿಗೂ ಹೊರದೇಶಗಳಿಂದ ಬಂದ ಕಾರ್ಮಿಕರಿಗೂ ಆ ಊರಿನಲ್ಲಿ ಮನೆ ಸಿಗಲಿಲ್ಲ. ಗಣಿಯ ಕತ್ತಲೆಯಲ್ಲಿ ಜತೆಯಾಗಿ ದುಡಿದವರನ್ನು ಹಗಲಿನ ಬೆಳಕು ಬೇರ್ಪಡಿಸಿತು. ಪ್ರಜಾಪ್ರಭುತ್ವದ ಪಾಠ ಹೇಳುವ ಶಾಲೆಗೆ ಇದು ಸಣ್ಣ ಕಳಂಕವಲ್ಲ.

ಈ ಕಥೆ ನಮಗೆ ದೂರದ್ದಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದನ್ನೇ ನಂಬಿದ್ದ ಕೂಲಿಕಾರರ ಒಲೆಗಳು ಆರಿದವು. 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಸಲ್ಲಿಸಬೇಕು. ಅದು ಗಣಿಬಾಧಿತರ ಹಿತಕ್ಕೆ ಮೀಸಲು, ಶಿಕ್ಷಣವೂ ಅದರ ಆದ್ಯತೆಗಳಲ್ಲೊಂದು. ಆ ಹಣದಿಂದ ಕೊಠಡಿಗಳು ಏಳಲಿ. ಆ ಕೊಠಡಿಗಳಲ್ಲಿ ಏನನ್ನು ಕಲಿಸಬೇಕೆಂದು ಕೇಳುವ ಹಕ್ಕು ಗಣಿಯ ಧೂಳು ಕುಡಿದವರಿಗೆ ಇರಲಿ. ಗುಳೆ ಬಂದ ಕೂಲಿಯ ಮಗುವಿಗೂ ಮೊದಲ ಸಾಲಿನಲ್ಲಿ ಜಾಗವಿರಲಿ. ಕಲಿತ ಮಕ್ಕಳಿಗೆ ಗಣಿಯಾಚೆಗೂ ದುಡಿಮೆ ದೊರೆಯಲಿ.

ಹೊರನಾಡಿನಲ್ಲಿ ವಂತಿಗೆ ಎತ್ತಿ ಕನ್ನಡ ಶಾಲೆಗಳನ್ನು ನಡೆಸಿದ ನಮಗೆ ಒಂದು ಮಾತು ಚೆನ್ನಾಗಿ ಗೊತ್ತು. ದಾನಿಯ ಔದಾರ್ಯದಿಂದ ಶಾಲೆ ಹುಟ್ಟಬಹುದು. ಅದು ಬಾಳುವುದು ಜನ ಅದನ್ನು ತಮ್ಮದೆಂದು ಕಾಯುವವರೆಗೆ ಮಾತ್ರ.